ಫೆಲ್ಥಮ್‌ನ ಮದುವೆ, ಏಡನ್ನಿನ ಬಾಯಾರಿಕೆ

ಹೀತ್ರೂ

ಲಂಡನ್ನಿಗೆ ಹೋಗಿ ಬಂದವರು ದೊಡ್ಡ ಗಡಿಯಾರದ ಬಗ್ಗೆ, ರಾಣಿಯ ಅರಮನೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನೂ ಎರಡನ್ನೂ ನೋಡಿದೆ. ಎರಡೂ ಇದ್ದಲ್ಲೇ ಇವೆ, ನೋಡದವರಿಗೆ ನಷ್ಟವೇನಿಲ್ಲ. ಆ ಊರಿನಲ್ಲಿ ನಾನು ನಿಜವಾಗಿ ಕಂಡದ್ದು ಒಂದು ಮದುವೆ ಮತ್ತು ಒಂದು ಯುದ್ಧ. ಮದುವೆ ನಡೆದದ್ದು ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ. ಯುದ್ಧ ನಡೆದದ್ದು ಯೆಮೆನ್ ಎಂಬ ಅರಬರ ದೇಶದಲ್ಲಿ, ಆದರೆ ಅದು ದಿನಾ ಚಹಾದ ಹೊತ್ತಿಗೆ ನಾವಿದ್ದ ಮನೆಗೆ ಬರುತ್ತಿತ್ತು.

ಅದು ತೊಂಬತ್ತನಾಲ್ಕನೆಯ ಇಸವಿ. ಉಡುಪಿ ಹತ್ತಿರದ ಶಿರ್ವದ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿದ್ದೆ. ದೊಡ್ಡಪ್ಪನ ಮಗಳು ಲಿಲ್ಲಿ ಅಕ್ಕ ತನ್ನ ಒಬ್ಬಳೇ ಮಗಳು ಡೋರೀನಳ ಮದುವೆಗೆ ಟಿಕೇಟು ಕಳಿಸಿ ಕರೆಸಿಕೊಂಡಳು. ಕರೆಯುವಾಗಲೇ ಫೋನಿನಲ್ಲಿ, "ರೋಸ್‌ಗೆ ಊರಿನ ಕಾಯಿ ತಾ. ಇಲ್ಲಿಯ ಕಾಯಿಯಲ್ಲಿ ಹಾಲೇ ಇಲ್ಲ ಮಾರಾಯ್ತಿ" ಎಂದಿದ್ದಳು. ರೋಸ್ ಎಂದರೆ ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನದ ಶಾಸ್ತ್ರ. ನೆಂಟರಿಷ್ಟರೆಲ್ಲ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಿ, ಹಾಡು ಹೇಳಿ, ಕೊಡಗಟ್ಟಲೆ ನೀರು ಹೊಯ್ದು ಮೀಯಿಸುತ್ತಾರೆ.

ಹೀಗಾಗಿ ನನ್ನ ಪೆಟ್ಟಿಗೆಯ ತುಂಬ ತೆಂಗಿನಕಾಯಿಗಳಿದ್ದವು. ದಾರಿಯಲ್ಲಿ ಒಂದು ಒಡೆದು ಮದುವೆಗೆಂದು ತಂದ ರೇಷ್ಮೆ ಸೀರೆಯೆಲ್ಲ ಒದ್ದೆಯಾಗಿತ್ತು. ಕಸ್ಟಮ್ಸಿನ ಅಧಿಕಾರಿ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡಿದ. ಇದು ಏತಕ್ಕೆ ಎಂದು ಕೇಳಿದ. ಹುಡುಗಿಯ ತಲೆಗೆ ಹೊಯ್ಯಲಿಕ್ಕೆ ಎಂದೆ. ಅವನು ನನ್ನನ್ನೂ ಕಾಯಿಯನ್ನೂ ಒಮ್ಮೆ ನೋಡಿ, ಬಹಳ ಮರ್ಯಾದೆಯಿಂದ ಪೆಟ್ಟಿಗೆ ಮುಚ್ಚಿಕೊಟ್ಟ. ಹೊರಗೆ ಕಾಯುತ್ತಿದ್ದ ಲಿಲ್ಲಿ ಅಕ್ಕನ ಗಂಡ ರಾಬರ್ಟ್ ಭಾವ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಲ್ಲಿ ಸೌತ್‌ಹಾಲ್ ಪೇಟೆಯಲ್ಲಿ ರಾಶಿ ರಾಶಿ ಸಿಗ್ತದೆ. ಅವಳಿಗೆ ಊರಿನದ್ದೇ ಆಗ್ಬೇಕು ಅಂತ ಹಟ. ಎಂತ ಮಾಡುದು?"

ನಾವು ಮನೆಯಲ್ಲಿ ಆಡಿದ್ದು ಕೊಂಕಣಿ. ಆದರೆ ನಾನು ಬರೆಯುವುದು ಕನ್ನಡ, ಆದ್ದರಿಂದ ಮಾತುಗಳನ್ನು ಊರಿನ ಕನ್ನಡದಲ್ಲೇ ಕೊಡುತ್ತೇನೆ.

ಫೆಲ್ಥಮ್

ಫೆಲ್ಥಮ್ ವಿಮಾನಗಳ ಹೊಟ್ಟೆಯ ಕೆಳಗಿರುವ ಊರು. ಅಲ್ಲಿಯವರಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಮಾತಿನ ನಡುವೆ ವಿಮಾನ ಬಂದರೆ ಬಾಯಿ ಮುಚ್ಚುತ್ತಾರೆ, ಅದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾರೆ. ಲಿಲ್ಲಿ ಅಕ್ಕ ಬೈಯುವಾಗಲೂ ಹಾಗೆಯೇ. ಬೈಗುಳದ ಅರ್ಧದಲ್ಲಿ ನಿಂತು, ಉಳಿದರ್ಧವನ್ನು ಸ್ವಲ್ಪವೂ ಕಡಿಮೆ ಮಾಡದೆ ಆಮೇಲೆ ಕೊಡುತ್ತಿದ್ದಳು.

ರಾಬರ್ಟ್ ಭಾವ ಹುಡುಗನಾಗಿದ್ದಾಗ ಹಡಗು ಹತ್ತಿ ಯೆಮೆನಿನ ಏಡನ್ನಿಗೆ ಹೋದವರು. ಆಗ ಅದು ಬ್ರಿಟಿಷರ ಬಂದರು. ಅಲ್ಲಿ ಹಡಗಿನವರಿಗೆ ಅಡುಗೆ ಮಾಡುವ ಒಂದು ಕ್ಯಾಂಟೀನಿನಲ್ಲಿ ಅವರಿಗೆ ಇಬ್ಬರು ಗೆಳೆಯರಾದರು. ಒಬ್ಬ ಸಾಲೇಹ್, ಏಡನ್ನಿನವನೇ, ದಕ್ಷಿಣದವನು. ಇನ್ನೊಬ್ಬ ಅಲಿ, ಉತ್ತರದ ಗುಡ್ಡಗಳಿಂದ ಕೂಲಿಗೆ ಇಳಿದು ಬಂದವನು. ಬ್ರಿಟಿಷರು ಗಂಟುಮೂಟೆ ಕಟ್ಟಿದಾಗ ಮೂವರೂ ಲಂಡನ್ನಿಗೆ ಬಂದು ವಿಮಾನದ ಊಟ ತಯಾರಿಸುವ ಅಡುಗೆಮನೆ ಸೇರಿದರು. ಸಾಲೇಹ್ ಪಕ್ಕದ ಮನೆಯಲ್ಲೇ ಇದ್ದ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಅಲಿ ಹೆಂಡತಿ ಮಕ್ಕಳೊಡನೆ ಎರಡು ರಸ್ತೆ ಆಚೆಗಿದ್ದ. ಇಬ್ಬರೂ ಏಡನ್ನಿನ ಪೇಟೆಯಲ್ಲಿ ಕಲಿತ ಹಿಂದಿಯನ್ನು ಮರೆತಿರಲಿಲ್ಲ. ನನ್ನ ಶಾಲೆಯ ಹಿಂದಿಯೂ ಅವರ ಪೇಟೆಯ ಹಿಂದಿಯೂ ಹೇಗೋ ಹೊಂದಿಕೊಂಡವು.

ಡೋರೀನಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಇವರಿಬ್ಬರು. ಮದುವೆಯ ದಿನ ಇಗರ್ಜಿಗೆ ಮದುಮಗಳನ್ನು ಕರೆದೊಯ್ಯುವ ಕಾರು ಸಾಲೇಹ್‌ನದ್ದು ಎಂದು ಅವಳು ಚಿಕ್ಕವಳಿದ್ದಾಗಲೇ ನಿಶ್ಚಯವಾಗಿತ್ತಂತೆ. ಕೆಲಸದಿಂದ ನಿವೃತ್ತನಾದ ಮೇಲೆ ಟ್ಯಾಕ್ಸಿ ಓಡಿಸುತ್ತಿದ್ದ ಸಾಲೇಹ್ ಆ ಕಾರನ್ನು ದಿನಾ ಉಜ್ಜುತ್ತಿದ್ದ.

ನಾನು ಹೋಗುವಾಗ ಆ ಇಬ್ಬರು ಮಾತು ಬಿಟ್ಟಿದ್ದರು. ಯೆಮೆನಿನಲ್ಲಿ ಯುದ್ಧ ಶುರುವಾಗಿತ್ತು. ನಾಲ್ಕು ವರ್ಷದ ಹಿಂದೆ ಉತ್ತರ ದಕ್ಷಿಣ ಎಂಬ ಎರಡು ದೇಶಗಳು ಒಂದಾದಾಗ ಇದೇ ಇಬ್ಬರು ಇದೇ ಮನೆಯಲ್ಲಿ ಅಪ್ಪಿಕೊಂಡು ಕುಣಿದಿದ್ದರಂತೆ. ದೇಶ ಒಂದಾಯಿತು, ಸೈನ್ಯ ಒಂದಾಗಲಿಲ್ಲ. ಮನೆ ಒಂದು, ಒಲೆ ಎರಡು. ಉತ್ತರದ ಪಡೆ ದಕ್ಷಿಣದಲ್ಲಿ ಬಿಡಾರ ಹೂಡಿತ್ತು, ದಕ್ಷಿಣದ ಪಡೆ ಉತ್ತರದಲ್ಲಿ. ಹಾಗಾಗಿ ಜಗಳ ಬಂದಾಗ ಗಡಿಗೆ ಹೋಗುವ ಕಷ್ಟವೂ ಇರಲಿಲ್ಲ, ಪಕ್ಕದ ಬಿಡಾರಕ್ಕೇ ಗುಂಡು ಹೊಡೆದುಕೊಂಡರು.

ರಾಬರ್ಟ್ ಭಾವ ಇದಕ್ಕೊಂದು ಉಪಾಯ ಹೂಡಿದ್ದರು. ಸಾಲೇಹ್‌ಗೆ ಬೆಳಗಿನ ಚಹಾ, ಅಲಿಗೆ ಸಂಜೆಯ ಚಹಾ. ಹೀಗಾಗಿ ನಾನು ಒಂದೇ ಯುದ್ಧವನ್ನು ದಿನಕ್ಕೆ ಎರಡು ಸಲ ಕೇಳಿದೆ. ಬೆಳಗ್ಗೆ ದಕ್ಷಿಣ ಗೆಲ್ಲುತ್ತಿತ್ತು, ಸಂಜೆ ಉತ್ತರ. ಬೆಳಗ್ಗೆ ಸಾಲೇಹ್ ಹೇಳುತ್ತಿದ್ದ, "ಒಂದಾಗಿ ನಮಗೇನು ಸಿಕ್ಕಿತು? ನಮ್ಮ ಎಣ್ಣೆ ಅವರಿಗೆ, ನಮ್ಮ ಬಂದರು ಅವರಿಗೆ. ಬೇರೆಯಾಗ್ತೇವೆ ಅಂದದ್ದು ತಪ್ಪಾ?" ಸಂಜೆ ಅಲಿ ಹೇಳುತ್ತಿದ್ದ, "ಕಟ್ಟಿದ ಮನೆ ಒಡೆಯುವವರು ಅವರು. ರಾಜಧಾನಿ ಸನಾದಲ್ಲಿ ನನ್ನ ಅಣ್ಣನ ಮನೆಯ ಹಿಂದಿನ ಗಲ್ಲಿಗೆ ಅವರ ರಾಕೆಟ್ ಬಿತ್ತು. ಅಲ್ಲಿ ಮಕ್ಕಳು ಮಲಗಿದ್ದರು." ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಅದೇ ನನಗೆ ಅಸಹ್ಯ ಹುಟ್ಟಿಸಿತು. ಒಬ್ಬನಾದರೂ ಸುಳ್ಳು ಹೇಳುತ್ತಿದ್ದರೆ ಒಂದು ಕಡೆ ನಿಂತು ಬೈಯಬಹುದಿತ್ತು.

ಸಟನ್

ಗಂಡಿನ ಕಡೆಯವರು ಲಂಡನ್ನಿನ ದಕ್ಷಿಣ ಅಂಚಿನ ಸಟನ್ನಿನವರು. ಮೂಲ ಮಂಗಳೂರಿನ ಕಡೆ. ಗಂಡಿನ ತಾಯಿ ಆಸ್ಪತ್ರೆಯಲ್ಲಿ ನರ್ಸು, ಮಾತೂ ಇಂಜೆಕ್ಷನ್ನಿನ ಹಾಗೆಯೇ. ರೋಸ್ ಎಲ್ಲಿ ಮಾಡುವುದು ಎಂಬ ವಿಷಯದಲ್ಲಿ ಎರಡು ಕಡೆಯವರಿಗೆ ಜಟಾಪಟಿ ನಡೆದಿತ್ತು. ಅದನ್ನು ತೀರ್ಮಾನಿಸಲಿಕ್ಕೆ ರಾಬರ್ಟ್ ಭಾವ ನನ್ನನ್ನೂ ಕಟ್ಟಿಕೊಂಡು ರೈಲು ಹತ್ತಿದರು.

ಆ ರೈಲಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ನಾನು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಬಿಚ್ಚಿ, ಎದುರಿಗೆ ಕೂತವನಿಗೆ ಕೊಡದೆ ತಿನ್ನುವುದು ಹೇಗೆಂದು ಅವನ ಮುಂದೆ ಹಿಡಿದೆ. ಅವನು ಎರಡೆರಡು ಸಲ ಥ್ಯಾಂಕ್ಸ್ ಹೇಳಿ ಪೇಪರಿನ ಹಿಂದೆ ಅಡಗಿಕೊಂಡ, ಇಳಿಯುವ ತನಕ ಹೊರಬರಲಿಲ್ಲ. ನಮ್ಮ ಶಿರ್ವ ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅವನ ಮಗಳ ಮದುವೆಯ ವಿಷಯವೂ ತಿಳಿದಿರುತ್ತಿತ್ತು.

"ನಿಮ್ಮ ಬಡಗಿನವರ ರೋಸ್ ಮುಗಿಯುದೇ ಇಲ್ಲ," ಎಂದರು ಗಂಡಿನ ತಾಯಿ. ಉಡುಪಿ ಕಡೆಯವರೆಂದರೆ ಅವರಿಗೆ ಬಡಗಿನವರು. "ಎರಡು ಕಡೆಯದ್ದೂ ಒಟ್ಟಿಗೆ ಹಾಲ್‌ನಲ್ಲಿ ಮಾಡಿ ಮುಗಿಸುವ."

"ನಿಮ್ಮ ತೆಂಕಿನವರಿಗೆ ಎಲ್ಲ ಬೇಗ ಆಗ್ಬೇಕು. ರೋಸ್ ಹುಟ್ಟಿದ ಮನೆಯಲ್ಲೇ ಆಗ್ಬೇಕು," ಎಂದರು ರಾಬರ್ಟ್ ಭಾವ.

ಆಗ ಒಂದೇ ಜಿಲ್ಲೆ, ಒಂದು ಭಾಷೆ, ಒಂದೇ ಇಗರ್ಜಿ. ಆದರೂ ತೆಂಕು ಬಡಗು ಎಂದು ಸಮುದ್ರ ದಾಟಿ ಬಂದು ಕಿತ್ತಾಡುತ್ತಿದ್ದರು. ಕೊನೆಗೆ ಊಟಕ್ಕೆ ಎಬ್ಬಿಸಿದರು. ಹಂದಿ ಮಾಂಸ, ಸನ್ನವೆಂಬ ಅಕ್ಕಿ ಕಡುಬು ಹೊಟ್ಟೆಗೆ ಇಳಿದ ಮೇಲೆ ಗಂಡಿನ ತಾಯಿಯೇ, "ಆಯ್ತು, ನಿಮ್ಮ ಅಂಗಳದಲ್ಲೇ ಮಾಡಿ" ಎಂದುಬಿಟ್ಟರು. ಹಿಂದಿರುಗುವಾಗ ರಾಬರ್ಟ್ ಭಾವನಿಗೆ ಹಿಗ್ಗು ತಡೆಯಲಾಗಲಿಲ್ಲ.

"ಕಂಡ್ಯಾ? ಒಂದು ಊಟದಲ್ಲಿ ಮುಗೀತು. ಮದುವೆ ಮನೆಯಲ್ಲಿ ಮುನಿಸು ಉಳಿಯುದಿಲ್ಲ. ಅಲಿ, ಸಾಲೇಹ್‌ದೂ ಹೀಗೇ ಮುಗಿಸ್ತೇನೆ. ರೋಸ್‌ನ ದಿನ ಇಬ್ಬರನ್ನೂ ಕರೆದು ಒಟ್ಟಿಗೆ ನೀರು ಹೊಯ್ಯಿಸ್ತೇನೆ."

ನಮ್ಮಲ್ಲಿ ಹಾಗೊಂದು ರೂಢಿಯಿದೆ. ಮದುವೆಗೆ ಮುಂಚೆ ಮುನಿದ ನೆಂಟರನ್ನು ಕರೆದು ರಾಜಿ ಮಾಡಿಸುತ್ತಾರೆ. ಆದರೆ ಅದು ಬೇಲಿಯ ಜಗಳಕ್ಕೆ, ತೆಂಗಿನ ಮರದ ಜಗಳಕ್ಕೆ ಇರುವ ಮದ್ದು. ಯುದ್ಧಕ್ಕೂ ಅದೇ ಸಾಕು ಎಂದುಕೊಂಡದ್ದು ಭಾವನ ಒಳ್ಳೆಯತನವೋ ದಡ್ಡತನವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಟ್ಯಾನ್ಮೋರ್

ಆ ವಾರ ಒಂದು ಬೆಳಗ್ಗೆ ಚಹಾಕ್ಕೆ ಬಂದ ಸಾಲೇಹ್ ನೇರ ಟಿವಿಯ ಮುಂದೆ ಕೂತ. ಉತ್ತರದ ಸೈನ್ಯ ಏಡನ್ನನ್ನು ಸುತ್ತುಗಟ್ಟಿತ್ತು. ಊರಿಗೆ ನೀರು ಕೊಡುವ ಬಾವಿಗಳಿರುವುದು ಊರ ಹೊರಗೆ, ಅವು ಸೈನಿಕರ ಕೈಸೇರಿದ್ದವು. ಜೂನ್ ತಿಂಗಳ ಅರಬ್ಬೀ ಬಿಸಿಲಿನಲ್ಲಿ ನಲ್ಲಿಗಳು ಒಣಗಿದವು. ಜನ ಮಸೀದಿಯ ಅಂಗಳ ಅಗೆದು ಉಪ್ಪು ನೀರು ಕುಡಿಯುತ್ತಿದ್ದಾರೆ ಎಂದು ಟಿವಿಯಲ್ಲಿ ತೋರಿಸಿದರು. ಅಲ್ಲಿ ಹಳೆಯ ಪೇಟೆಯಲ್ಲಿ ಸಾಲೇಹ್‌ನ ಅಕ್ಕ ಜಹ್ರಾ ಒಬ್ಬಳೇ ಇದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಏಡನ್ನಿನ ಫೋನು ಸತ್ತುಹೋಗಿತ್ತು.

ಅವತ್ತು ಸಂಜೆ ಅಲಿ ಚಹಾ ಕುಡಿಯುತ್ತಿರುವಾಗ ಬಾಗಿಲು ತಟ್ಟಿ ಒಳಗೆ ಬಂದವನು ಸಾಲೇಹ್. ಕೂರಲಿಲ್ಲ. ನಿಂತೇ ಹೇಳಿದ.

"ನಿನ್ನ ಅಣ್ಣನ ಮಗ ಆ ಸೈನ್ಯದಲ್ಲಿದ್ದಾನಲ್ಲ. ಊರೊಳಗೆ ಹೋದರೆ ನನ್ನ ಅಕ್ಕನಿಗೆ ಒಂದು ಕ್ಯಾನ್ ನೀರು ಕೊಡಲಿಕ್ಕೆ ಹೇಳು. ಬೇರೇನೂ ಬೇಡ."

"ಹೇಳ್ತೇನೆ," ಎಂದ ಅಲಿ. ಅಷ್ಟೇ. ಸಾಲೇಹ್ ಹೊರಟುಹೋದ. ಅಲಿ ಚಹಾ ಅಲ್ಲೇ ಬಿಟ್ಟು ಅಣ್ಣನಿಗೆ ಫೋನು ಮಾಡಲು ಮನೆಗೆ ಹೋದ.

ಮರುದಿನ ಲಿಲ್ಲಿ ಅಕ್ಕ ಮದುವೆಯ ಕಾಗದ ಕೊಡಲಿಕ್ಕೆಂದು ನನ್ನನ್ನು ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಿ ಸ್ಟ್ಯಾನ್ಮೋರ್‌ಗೆ ಕರೆದೊಯ್ದಳು. ದೊಡ್ಡ ದೊಡ್ಡ ಒಂಟಿ ಮನೆಗಳು. ಅಲ್ಲಿ ಅವಳ ಪರಿಚಯದ ಬೆಂಗಳೂರಿನ ಡಾಕ್ಟರೊಬ್ಬರಿದ್ದರು. ಹುಲ್ಲಿಗೆ ನೀರು ಹಾರಿಸುವ ಯಂತ್ರ ಸುತ್ತುತ್ತಿತ್ತು, ನಾವು ಅದರ ಪಕ್ಕದಲ್ಲಿ ಕೂತು ಜ್ಯೂಸ್ ಕುಡಿದೆವು. ಲಿಲ್ಲಿ ಅಕ್ಕ ಸಾಲೇಹ್‌ನ ಕಥೆ ಹೇಳಿದಳು.

"ಆ ಜನಕ್ಕೆ ಹೊಡೆದಾಟ ಬಿಟ್ರೆ ಇನ್ನೇನೂ ಗೊತ್ತಿಲ್ಲ ಕಣ್ರೀ," ಎಂದರು ಡಾಕ್ಟರು. "ನೀರು ನಿಲ್ಲಿಸ್ತಾರೆ ಅಂದ್ರೆ ಮನುಷ್ಯರಾ ಅವ್ರು?"

ನನಗೆ ತಡೆಯಲಾಗಲಿಲ್ಲ. "ಮೊನ್ನೆ ಕಾವೇರಿ ಗಲಾಟೆಯಲ್ಲಿ ನಿಮ್ಮ ಬೆಂಗಳೂರಿನಲ್ಲಿ ಯಾರ ಮನೆಗೆ ಬೆಂಕಿ ಬಿತ್ತು ಡಾಕ್ಟ್ರೇ? ಅದೂ ನೀರಿನದ್ದೇ ಅಲ್ವಾ?"

"ಅದು ಬೇರೆ ವಿಷ್ಯ ಬಿಡಿ," ಎಂದರು ಅವರು. ಎಲ್ಲರಿಗೂ ಅವರವರದ್ದು ಬೇರೆ ವಿಷಯವೇ. ದಾರಿಯುದ್ದಕ್ಕೂ ಲಿಲ್ಲಿ ಅಕ್ಕ, ಮದುವೆಗೆ ಕರೆಯಲು ಹೋದಲ್ಲಿ ಜಗಳ ಮಾಡಿದೆ ಎಂದು ನನ್ನನ್ನು ಬೈದಳು.

ಫೆಲ್ಥಮ್, ರೋಸ್‌ನ ದಿನ

ಮದುವೆ ಶನಿವಾರ. ಅದಕ್ಕೆ ಎರಡು ದಿನ ಮುಂಚೆ, ಗುರುವಾರ, ಏಡನ್ ಉತ್ತರದ ಸೈನ್ಯದ ಕೈಗೆ ಬಿತ್ತು. ಯುದ್ಧ ಮುಗಿಯಿತು ಎಂದು ಟಿವಿಯಲ್ಲಿ ಹೇಳಿದರು. ಗೆದ್ದವರು ಬಿದ್ದವರ ಮನೆಗಳಿಂದ ಕುರ್ಚಿ, ಫ್ಯಾನು ಹೊತ್ತು ಹೋಗುವುದನ್ನೂ ತೋರಿಸಿದರು. ದೇಶ ಒಂದಾಗಿ ಉಳಿಯಿತು ಎಂದು ಯಾರೋ ದೊಡ್ಡವರು ಭಾಷಣ ಮಾಡಿದರು. ಸಾಲೇಹ್‌ಗೆ ಅದೆಲ್ಲ ಬೇಕಿರಲಿಲ್ಲ. "ನೀರು ಬಿಡ್ತಾರೆ ಇನ್ನು," ಎಂದು ಮಾತ್ರ ಹೇಳಿ ಕಾರು ಉಜ್ಜಲು ಹೋದ.

ಶುಕ್ರವಾರ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಹಿಂಬಾಗಿಲಿನಿಂದ ಅಲಿ ಬಂದ. ಲಿಲ್ಲಿ ಅಕ್ಕನೂ ಭಾವನೂ ಅಲ್ಲೇ ಇದ್ದರು.

"ಅಣ್ಣನ ಹುಡುಗ ಆ ಮನೆಗೆ ಹೋಗಿದ್ದ," ಎಂದ ಅಲಿ. "ನೀರು ತೆಗೆದುಕೊಂಡೇ ಹೋಗಿದ್ದ. ಜಹ್ರಾ ಹಿಂದಿನ ದಿನವೇ ತೀರಿಹೋಗಿದ್ದಳಂತೆ. ಆ ಕೆಟ್ಟ ನೀರು ಕುಡಿದು ಹೊಟ್ಟೆ ಕೆಟ್ಟು. ನೆರೆಯವರು ಮಣ್ಣು ಮಾಡಿದ್ದಾರೆ. ಅಣ್ಣ ಈಗಷ್ಟೇ ಫೋನು ಮಾಡಿದ. ಸಾಲೇಹ್‌ಗೆ ನಾನು ಹೇಗೆ ಹೇಳಲಿ?"

ಲಿಲ್ಲಿ ಅಕ್ಕ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, "ಇವತ್ತು ಹೇಳ್ಬೇಡಿ."

ಇದು ನಮ್ಮ ಇನ್ನೊಂದು ರೂಢಿ. ಮದುವೆ ಮನೆಗೆ ಸಾವಿನ ಸುದ್ದಿ ಬಂದರೆ ಅದನ್ನು ಮದುವೆ ಮುಗಿಯುವವರೆಗೆ ಮುಚ್ಚಿಡಬೇಕು. ನಮ್ಮ ಅಜ್ಜ, ತನ್ನ ಸ್ವಂತ ತಮ್ಮ ಬೊಂಬಾಯಿಯಲ್ಲಿ ತೀರಿದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗಳ ಮದುವೆಯಲ್ಲಿ ನಗುನಗುತ್ತ ಬಡಿಸಿದರಂತೆ. ಅಜ್ಜನ ಗಟ್ಟಿಗತನ ಎಂದು ಮನೆಯಲ್ಲಿ ಅದನ್ನು ಹೊಗಳುತ್ತಲೇ ನಾವು ಬೆಳೆದೆವು. ಆದರೆ ಅಜ್ಜ ಮುಚ್ಚಿಟ್ಟದ್ದು ತನ್ನ ದುಃಖವನ್ನು. ಇವರು ಮುಚ್ಚಿಡಲು ಹೊರಟದ್ದು ಪಕ್ಕದ ಮನೆಯವನದ್ದು.

"ಅವನ ಅಕ್ಕ, ಅವನಿಗೆ ಹೇಳಿ," ಎಂದೆ ನಾನು.

"ನೀನು ಸುಮ್ನಿರು. ಹೇಳಿದ್ರೆ ಅವಳು ಎದ್ದು ಬರ್ತಾಳಾ?" ಎಂದಳು ಲಿಲ್ಲಿ ಅಕ್ಕ. "ಹುಡುಗಿಯ ತಲೆಗೆ ರೋಸ್ ಹಚ್ಚುವ ದಿನ ಮನೆಯಲ್ಲಿ ಅಳು ಆಗ್ಬಾರ್ದು."

"ನಾಳೆ ಕಾರು ಯಾರು ಬಿಡುದು?" ಎಂದರು ರಾಬರ್ಟ್ ಭಾವ. ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ದನಿ ತಗ್ಗಿಸಿ ಅಲಿಯ ಹೆಗಲ ಮೇಲೆ ಕೈಯಿಟ್ಟರು. "ಭಾನುವಾರದ ಬೀಗರ ಊಟ ಆಗಿ ಹೋಗ್ಲಿ ಅಲಿ. ನಮ್ಮ ಡೋರೀನ್‌ಗಾಗಿ. ಸೋಮವಾರ ನಾವೆಲ್ಲ ಒಟ್ಟಿಗೆ ಕೂತು ಹೇಳುವ."

ಅಲಿ ತಲೆಯಾಡಿಸಿದ. ಅವನ ಮುಖ ಸ್ವಲ್ಪ ಹಗುರಾದದ್ದನ್ನು ನಾನು ಕಂಡೆ. ಜಹ್ರಾಳಿಗೆ ನೀರು ಸಿಗದ ಹಾಗೆ ಮಾಡಿದ ಸೈನ್ಯದಲ್ಲಿ ತನ್ನ ಮನೆಯ ಹುಡುಗನೂ ಇದ್ದನಲ್ಲ. ಅಂಥ ಸುದ್ದಿಯನ್ನು ಮೂರು ದಿನ ಮುಂದೂಡಬಹುದು ಎಂದರೆ ಯಾರಿಗೆ ಬೇಡ?

ಸಂಜೆ ಹಿತ್ತಿಲ ಹುಲ್ಲಿನ ಮೇಲೆ ಡೋರೀನಳನ್ನು ಮಣೆಯ ಮೇಲೆ ಕೂರಿಸಿದರು. ಇನ್ನೊಂದು ಬದಿಯ ಬೇಲಿಯಾಚೆಯ ಇಂಗ್ಲಿಷ್ ಮುದುಕಿ ತಲೆ ಎತ್ತಿ ನೋಡಿ, ಹುಡುಗಿಗೆ ಹುಷಾರಿಲ್ಲವೇ ಎಂದು ಕೇಳಿ, ಇಲ್ಲ ಮದುವೆ ಎಂದ ಮೇಲೆ ಒಳಗಿನಿಂದ ಒಂದು ದಪ್ಪ ಟವೆಲ್ ತಂದುಕೊಟ್ಟಳು. ನಾನು ತಂದ ಕಾಯಿಯ ಹಾಲನ್ನು ಎಲ್ಲರೂ ಹಚ್ಚಿದರು. ಹೆಂಗಸರು ಹಾಡು ಎತ್ತಿದರು. ವಿಮಾನ ಬಂದಾಗ ನಿಲ್ಲಿಸಿ, ಹೋದ ಮೇಲೆ ಅದೇ ಸಾಲಿನಿಂದ ಹಾಡಿದರು. ಆಮೇಲೆ ರಾಬರ್ಟ್ ಭಾವ ಸಾಲೇಹ್‌ನನ್ನು ಒಂದು ಕೈಯಲ್ಲಿ, ಅಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಂದು, ಒಂದೇ ಕೊಡವನ್ನು ಇಬ್ಬರಿಗೂ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು.

ಕೊಡ ಎತ್ತುವ ಮುಂಚೆ ಸಾಲೇಹ್ ಕೇಳಿದ, "ಹುಡುಗನ ಸುದ್ದಿ ಬಂತಾ?"

"ಇನ್ನೂ ಇಲ್ಲ," ಎಂದ ಅಲಿ.

"ಬರ್ತದೆ ಬಿಡು. ಏಡನ್ನಿಗೆ ನೀರು ಬಂತಂತೆ. ನನ್ನ ಅಕ್ಕನೂ ಇವತ್ತು ಹೀಗೇ ಮೀಯ್ತಾ ಇರಬಹುದು," ಎಂದು ಸಾಲೇಹ್ ನಕ್ಕ. ಇಬ್ಬರೂ ಸೇರಿ ನೀರು ಹೊಯ್ದರು. ಡೋರೀನ್, "ಇಟ್ಸ್ ಫ್ರೀಜಿಂಗ್, ಅಂಕಲ್" ಎಂದು ಕಿರುಚಿದಳು. ಸಾಲೇಹ್ ಇನ್ನೊಂದು ಕೊಡ ಕೇಳಿದ, ಮತ್ತೊಂದು ಕೇಳಿದ. ಕೊನೆಗೆ ಅಲಿಯ ಕೈಹಿಡಿದು ಏಡನ್ನಿನ ಕುಣಿತ ಕುಣಿದ. ನಾನು ಒಳಗೆ ಹೋಗಿ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಬಂದಾಗ ಲಿಲ್ಲಿ ಅಕ್ಕ ನನ್ನ ಕಣ್ಣು ನೋಡಿ, "ಈರುಳ್ಳಿ ಕತ್ತರಿಸಿದೆ ಅಂತ ಹೇಳು," ಎಂದಳು.

ಮರುದಿನ ಹೂ ಕಟ್ಟಿದ ಕಾರು ಸರಿಯಾದ ಹೊತ್ತಿಗೆ ಇಗರ್ಜಿ ಮುಟ್ಟಿತು. ತೆಂಕಿನವರೂ ಬಡಗಿನವರೂ ಚಂದ ಮಾಡಿ ಉಂಡರು.

ಫೆಲ್ಥಮ್, ಸೋಮವಾರ

ಸೋಮವಾರ ರಾಬರ್ಟ್ ಭಾವ ಇಬ್ಬರನ್ನೂ ಚಹಾಕ್ಕೆ ಕರೆದರು. ಮದುವೆಯ ಕೇಕಿನ ತುಂಡುಗಳು ಮೇಜಿನ ಮೇಲೆ ಇದ್ದವು. ಅಲಿ ಅರಬ್ಬಿಯಲ್ಲಿ ಹೇಳಿದ. ನನಗೆ ಜಹ್ರಾ ಎಂಬ ಹೆಸರೊಂದೇ ಅರ್ಥವಾಯಿತು. ಸಾಲೇಹ್ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲೆ ಇಟ್ಟ. ಆಮೇಲೆ, ನಮಗೂ ತಿಳಿಯಲಿ ಎಂದೋ ಏನೋ, ಹಿಂದಿಯಲ್ಲಿ ಕೇಳಿದ.

"ನಿನಗೆ ಯಾವಾಗ ಗೊತ್ತಾಯ್ತು?"

ಆಗಲೇ ಒಂದು ವಿಮಾನ ಬಂತು. ಕಿಟಕಿ ಗಾಜು ನಡುಗಿತು. ಊರಿನ ಅಭ್ಯಾಸದಂತೆ ಎಲ್ಲರೂ ಸುಮ್ಮನೆ ಕಾದರು. ಅಲಿ ಭಾವನ ಮುಖ ನೋಡಿದ. ಭಾವ ಚಹಾದ ಕಪ್ಪು ನೋಡಿದರು. ಲಿಲ್ಲಿ ಅಕ್ಕ ಕೇಕಿನ ತಟ್ಟೆ ಸರಿಮಾಡಿದಳು. ವಿಮಾನ ಹೋಯಿತು.

"ಶುಕ್ರವಾರ ಬೆಳಗ್ಗೆ," ಎಂದ ಅಲಿ.

ಯಾರು ತಡೆದರು ಎಂದು ಹೇಳಲಿಲ್ಲ. ತಾನು ಉಣ್ಣುವ ಮನೆಯವರ ಮೇಲೆ ಹೊರಿಸುವುದು ಅವನಿಗೆ ಹೇಸಿಗೆ ಎನ್ನಿಸಿರಬೇಕು. ನಮ್ಮವರ ಕಡೆಯಿಂದ ಒಂದು ಮಾತು ಬರುತ್ತದೆ ಎಂದು ನಾನು ಕಾದೆ. ಬಂದ ಮಾತು ಲಿಲ್ಲಿ ಅಕ್ಕನದ್ದು, "ಸ್ವಲ್ಪ ಏನಾದ್ರೂ ತಿನ್ನಿ ಸಾಲೇಹ್."

"ಗೆದ್ದವರು ನೀವು," ಎಂದ ಸಾಲೇಹ್ ಅಲಿಗೆ. "ನೀರೂ ನಿಮ್ಮದು, ಸುದ್ದಿಯೂ ನಿಮ್ಮದು. ಬೇಕಾದಾಗ ಬಿಡ್ತೀರಿ." ಎದ್ದು ಹೋದ. ಬಾಗಿಲನ್ನು ಮೆಲ್ಲನೆ ಹಾಕಿಕೊಂಡ.

ಅವನು ಹೋದ ಮೇಲೆ ನಾನು ಭಾವನಿಗೆ, ಈಗಲೇ ಹೋಗಿ ನಿಜ ಹೇಳಿ ಎಂದೆ. ಸಿಟ್ಟು ಇಳಿಯಲಿ ಎಂದರು. ಮಂಗಳವಾರ ಹೇಳಿದೆ, ಬುಧವಾರ ಹೇಳಿದೆ. "ಈಗ ಹೇಳಿದ್ರೆ ನಮ್ಮೊಟ್ಟಿಗೂ ಹಾಳಾಗ್ತದೆ. ಗೋಡೆಗೆ ಗೋಡೆ ತಾಗಿದ ಮನೆ," ಎಂದರು. ಆಗ ನನಗೆ ಆ ಒಳ್ಳೆಯ ಮನುಷ್ಯನ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಪಕ್ಕದ ಮನೆ

ಹೊರಡುವ ಹಿಂದಿನ ದಿನ ನಾನೇ ಹೋದೆ. ಸಾಲೇಹ್ ಬಾಗಿಲು ತೆರೆದ, ಕೂರಿಸಿದ, ಖರ್ಜೂರ ತಂದಿಟ್ಟ. ಕಾರಿನ ರಿಬ್ಬನ್ನನ್ನು ಸುರುಳಿ ಸುತ್ತಿ ಕಿಟಕಿಯಲ್ಲಿ ಇಟ್ಟಿದ್ದ, ವಾಪಸು ಕೊಡಲಿಕ್ಕೆ.

"ಅಲಿ ತಾನಾಗಿ ಮುಚ್ಚಿಡಲಿಲ್ಲ," ಎಂದೆ. "ಹೇಳಲಿಕ್ಕೇ ಬಂದಿದ್ದ. ನಮ್ಮವರು ತಡೆದರು. ಮದುವೆ ಮುಗಿಯಲಿ ಅಂದರು. ನಾನು ಅಲ್ಲೇ ಇದ್ದೆ."

ಅವನು ಅಚ್ಚರಿಪಡಲಿಲ್ಲ. ಖರ್ಜೂರದ ತಟ್ಟೆಯನ್ನು ನನ್ನ ಹತ್ತಿರ ಸರಿಸಿದ.

"ರಾಬರ್ಟ್ ಆ ಎರಡು ದಿನ ನನ್ನ ತಟ್ಟೆಗೆ ಬಡಿಸಿದ್ದು ನೋಡಿ ನನಗೆ ಆಮೇಲೆ ಅನ್ನಿಸಿತು. ಯಾರೂ ಯಾರ ತಟ್ಟೆಗೂ ಅಷ್ಟು ಬಡಿಸುವುದಿಲ್ಲ." ರಿಬ್ಬನ್ನಿನ ಸುರುಳಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ. "ನಮ್ಮಲ್ಲಿ ಸಾವಾದರೆ ಮೂರು ದಿನ ಬಾಗಿಲು ತೆರೆದಿಡ್ತೇವೆ ಬಹೆನ್. ಜನ ಬರ್ತಾರೆ. ಕೂರ್ತಾರೆ. ಅಷ್ಟರಲ್ಲಿ ಅಳುವುದು ಮುಗಿಯಬೇಕು. ಆ ಮೂರು ದಿನ ನಾನು ನಿಮ್ಮ ಹಿತ್ತಿಲಲ್ಲಿ ಕುಣಿದೆ. ಕಾರಿಗೆ ಹೂ ಕಟ್ಟಿದೆ. ಈಗ ಯಾರು ಬರ್ತಾರೆ, ಯಾವ ದಿನ ಕೂರಲಿ?"

"ಅಲಿಯನ್ನು ಕರೀಲಾ? ಅವನು ಬರ್ತಾನೆ."

"ದಿನಾ ಬರ್ತಾನೆ," ಎಂದು ಪರದೆ ಸರಿಸಿದ. ರಸ್ತೆಯ ಆಚೆ ಬದಿಯಲ್ಲಿ ಕೆಲಸದ ಬಟ್ಟೆಯಲ್ಲೇ ಅಲಿ ನಿಂತಿದ್ದ. ಬಾಗಿಲ ಕಡೆ ನೋಡುತ್ತಿದ್ದ, ಹತ್ತಿರ ಬರುತ್ತಿರಲಿಲ್ಲ.

"ನಿಮ್ಮವರ ಮೇಲೆ ನನಗೆ ಸಿಟ್ಟು ಬರ್ತಾ ಇಲ್ಲ," ಎಂದ ಸಾಲೇಹ್. "ನಿಮಗೆ ಜಹ್ರಾ ಯಾರು? ನೀವು ಹೊರಗಿನವರು. ಅವನಿಗೆ ಗೊತ್ತಿತ್ತು ಅವಳು ಯಾರು ಅಂತ. ಕೂಲಿಗೆ ಬಂದ ಹೊಸದರಲ್ಲಿ ಅವಳು ಮಾಡಿದ ರೊಟ್ಟಿಯೇ ತಿಂದವನು." ಪರದೆ ಬಿಟ್ಟ. "ಅವನಿಗೆ ಹೋಗಲಿಕ್ಕೆ ಹೇಳಿ."

ನಾನು ಒಂದು ಗಂಟೆ ಅಲ್ಲಿಯೇ ಕೂತೆ. ಅವರ ಶಾಸ್ತ್ರ ನನಗೆ ಗೊತ್ತಿಲ್ಲ, ಸುಮ್ಮನೆ ಕೂತೆ. ಹೊರಗೆ ಬಂದು ಸಾಲೇಹ್ ಹೇಳಿದ್ದನ್ನೆಲ್ಲ ಬಣ್ಣ ಹಚ್ಚದೆ ಅಲಿಗೆ ಹೇಳಿದೆ. ಅವನು ತಲೆಯಾಡಿಸಿದ, ನನ್ನ ಪ್ರಯಾಣಕ್ಕೆ ಶುಭ ಕೋರಿದ, ರಾತ್ರಿಯ ಪಾಳಿಗೆ ಹೊತ್ತಾಯಿತೆಂದು ಬಸ್ಸಿನ ಕಡೆ ನಡೆದ. ನಾನು ನಿಜ ಹೇಳಿ ಬಂದೆ ಎಂದು ತಿಳಿದ ಲಿಲ್ಲಿ ಅಕ್ಕ ನನ್ನೊಡನೆ ಮಾತು ಬಿಟ್ಟಳು. ಭಾವ ಮರುದಿನ ಹೀತ್ರೂ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು.

ಶಿರ್ವ

ಊರಿಗೆ ಬಂದ ದಿನ ಮನೆ ತುಂಬ ನೆಂಟರು. ಪೆಟ್ಟಿಗೆ ಬಿಚ್ಚಿ ಲಂಡನ್ನಿನ ಚಾಕಲೇಟು ಹಂಚಿದೆ. ಲಿಲ್ಲಿಯ ಮಗಳ ಮದುವೆ ಹೇಗಾಯಿತು, ರೋಸ್ ಹೇಗಾಯಿತು, ಊರಿನ ಕಾಯಿಯಲ್ಲಿ ಹಾಲು ಬಂತಾ ಎಂದು ಎಲ್ಲರೂ ಒಟ್ಟಿಗೆ ಕೇಳಿದರು.

"ಒಂದು ಸಾವಾಯಿತು, ಮೊದಲು ಅದನ್ನು ಹೇಳ್ತೇನೆ," ಎಂದೆ.

ಎಲ್ಲರ ಕೈಗಳು ಬಾಯಿಯ ಹತ್ತಿರ ನಿಂತವು. ಅತ್ತೆ ಶಿಲುಬೆಯ ಗುರುತು ಮಾಡಿಕೊಂಡು, "ಯೇಸುವೇ, ಯಾರು? ನಮ್ಮವರಾ?" ಎಂದು ಕೇಳಿದರು.

"ಅಲ್ಲ," ಎಂದೆ.

ಚಾಕಲೇಟುಗಳು ಬಾಯಿಗೆ ಹೋದವು.